ಫೈಲು ಜೋಡಿಸುವ ರೂಲ್ ನಾವು ಒತ್ತಿದಾಗ ಮಾತ್ರ ಓಡಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜು ಪ್ರವೇಶವೂ ಮುಂಗಾರು ಬೆಳೆ ವಿಮೆಯೂ ಒಟ್ಟಿಗೆ ಬೀಳುವ ಜೂನ್-ಜುಲೈನಲ್ಲಿ ತುಮಕೂರಿನ ಬಿ.ಎಚ್. ರಸ್ತೆಯಿಂದ ಹಿಡಿದು ಪಾವಗಡದವರೆಗೆ ಅರ್ಜಿ ತುಂಬಿಕೊಡುವ ಅಂಗಡಿಗಳ ಮುಂದೆ ಜನ ಸಾಲು ನಿಂತಿರುತ್ತಾರೆ. ಒಳಗಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದಕ್ಕಿಂತ ಉದ್ದದ ಸಾಲು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಆಸ್ತಿಯ ಇಸಿ (ಋಣಭಾರ ಪ್ರಮಾಣಪತ್ರ), ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಪಾಸ್‌ಪೋರ್ಟ್ ಅಳತೆಯ ಫೋಟೊ ಎಲ್ಲ ಯಾರದು ಯಾವುದೆಂದು ಹೆಸರಿನಿಂದ ತಿಳಿಯದ ಹಾಗೆ ಬಿದ್ದಿರುತ್ತವೆ. ಒಬ್ಬರ ಆದಾಯ ಪ್ರಮಾಣಪತ್ರ ಇನ್ನೊಬ್ಬರ ಅರ್ಜಿಗೆ ಅಂಟಿಕೊಳ್ಳುವುದು ಈ ರಾಶಿಯಿಂದಲೇ. ಅರ್ಜಿ ತಿರಸ್ಕಾರವಾದರೆ ಮತ್ತೆ ಬಸ್ಸು ಹತ್ತಿ ಬರಬೇಕಾದವರು ಹಳ್ಳಿಯವರು.

ಈ ರಾಶಿಯನ್ನು ವಿಂಗಡಿಸುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು. ಎಲ್ಲಿ ನೋಡಬೇಕು, ಯಾವ ಫೈಲನ್ನು ಆರಿಸಬೇಕು, ಆರಿಸಿದ್ದನ್ನು ಏನು ಮಾಡಬೇಕು ಎಂಬ ಮೂರು ಮಾತು ಸೇರಿದರೆ ಒಂದು ರೂಲ್. ಇದನ್ನು ಮಾಡುವ ಸಾಧನಗಳು ಬೇಕಾದಷ್ಟಿವೆ. ಮ್ಯಾಕ್ ಬಳಸುವವರಿಗೆ ಹೇಜಲ್, ಕಮಾಂಡ್ ಬರೆಯಬಲ್ಲವರಿಗೆ ಪೈಥಾನಿನ ಆರ್ಗನೈಸ್, ವಿಂಡೋಸಿನಲ್ಲಿ ಆದೇಶ ಬರೆದು ಓಡಿಸುವ ಪವರ್‌ಶೆಲ್ ಮತ್ತು ಪವರ್ ಆಟೊಮೇಟ್ ಡೆಸ್ಕ್‌ಟಾಪ್. ನಮ್ಮ ತಾಲ್ಲೂಕುಗಳ ಅಂಗಡಿ, ಪಂಚಾಯಿತಿ, ಶಾಲೆಗಳಲ್ಲಿ ಇರುವುದು ಬಹುಪಾಲು ವಿಂಡೋಸ್ ಆದ್ದರಿಂದ ಅದನ್ನೇ ಹಿಡಿದು ಬರೆಯುತ್ತಿದ್ದೇವೆ. ಸಾಧನ ಯಾವುದೇ ಇರಲಿ, ನಾವು ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ಹಲವರು ಕೂರುವ ಕಂಪ್ಯೂಟರಿನಲ್ಲಿ ರೂಲ್ ತಾನಾಗಿ ಓಡಬಾರದು. ಕುಳಿತವರು ಗುಂಡಿ ಒತ್ತಿದಾಗ, ಏನಾಗಲಿದೆ ಎಂದು ಪಟ್ಟಿ ನೋಡಿದ ಮೇಲೆ, ಆಗ ಮಾತ್ರ ಓಡಬೇಕು.

ತಾನಾಗಿ ಓಡುವ ರೂಲ್ ಹಿಂಬದಿಯಲ್ಲಿ ಫೋಲ್ಡರನ್ನು ಕಾಯುತ್ತಿರುತ್ತದೆ, ಹೊಸ ಫೈಲ್ ಬಿದ್ದ ಕೂಡಲೇ ಎತ್ತಿಕೊಂಡು ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಬಳಸುವಾಗ ಅದು ಸೊಗಸು. ಅರ್ಜಿ ಅಂಗಡಿಯಲ್ಲಿ ನಡೆಯುವುದೇ ಬೇರೆ. ಫೋಟೊ ಉಳಿಸಿ, ಪೋರ್ಟಲಿನಲ್ಲಿ ಅಪ್‌ಲೋಡ್ ಒತ್ತಿ ಫೋಲ್ಡರ್ ತೆರೆಯುವಷ್ಟರಲ್ಲಿ ಫೋಟೊ ಅಲ್ಲಿಲ್ಲ, ರೂಲ್ ಅದನ್ನು ಫೋಟೊ ಫೋಲ್ಡರಿಗೆ ಒಯ್ದಾಗಿದೆ. ಕೂತವರು ಇನ್ನೊಮ್ಮೆ ಉಳಿಸುತ್ತಾರೆ, ಅದೂ ಹೋಗುತ್ತದೆ, ಅಷ್ಟರಲ್ಲಿ ಪೋರ್ಟಲಿನ ಸೆಷನ್ ಮುಗಿಯುತ್ತದೆ. ಇನ್ನೊಂದು ತೊಡಕು ಅರ್ಧ ಇಳಿದ ಫೈಲುಗಳದು. ಇಳಿಯುತ್ತಿರುವ ಫೈಲಿನ ಬಾಲಕ್ಕೆ, ಅಂದರೆ ಹೆಸರಿನ ಕೊನೆಯ ಚುಕ್ಕಿಯ ಆಚೆಗೆ, ಕ್ರೋಮ್ 'ಸಿಆರ್‌ಡೌನ್‌ಲೋಡ್' ಎಂದೂ ಫೈರ್‌ಫಾಕ್ಸ್ 'ಪಾರ್ಟ್' ಎಂದೂ ಸೇರಿಸುತ್ತವೆ. ಎಲ್ಲ ಫೈಲನ್ನೂ ಹಿಡಿಯುವ ರೂಲ್ ಅದಕ್ಕೂ ಕೈ ಹಾಕುತ್ತದೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಏಳುವಾಗ ಬೇಕಾದರೆ ಇನ್ನೊಮ್ಮೆ ರೂಲ್ ಒತ್ತಿದರೆ ಈ ಎರಡೂ ತಾಪತ್ರಯ ಇಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಬಂದ ಫೈಲನ್ನು ಮುಟ್ಟಬೇಡ ಎಂಬ ಷರತ್ತು ಸೇರಿಸಿದರೆ ಇನ್ನೂ ನಿಶ್ಚಿಂತೆ.

ಪವರ್ ಆಟೊಮೇಟ್ ಡೆಸ್ಕ್‌ಟಾಪ್ ವಿಂಡೋಸ್ 11ರ ಜೊತೆಗೇ ಬರುತ್ತದೆ. ವಿಂಡೋಸ್ 10 ಇರುವವರಿಗೆ 2021ರಿಂದ ಉಚಿತವಾಗಿ ಸಿಗುತ್ತಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಬೇಕು. ಉಚಿತ ಖಾತೆಯಲ್ಲಿ ವೇಳೆಗೆ ಸರಿಯಾಗಿ ತಾನೇ ಓಡುವ ಸೌಲಭ್ಯವಿಲ್ಲ, ನಾವೇ ಒತ್ತಿ ಓಡಿಸಬೇಕು. ನಮಗೆ ಬೇಕಾದದ್ದೂ ಅಷ್ಟೇ.

ಹೊಸ ಫ್ಲೋ (ಕ್ರಿಯೆಗಳನ್ನು ಸಾಲಾಗಿ ಜೋಡಿಸಿದ ರೂಲ್) ತೆರೆದು ಮೊದಲು 'ಗೆಟ್ ಫೈಲ್ಸ್ ಇನ್ ಫೋಲ್ಡರ್' ಎಂಬ ಕ್ರಿಯೆಯನ್ನು ಎಳೆದು ಹಾಕಿ. ಫೋಲ್ಡರ್ ಜಾಗದಲ್ಲಿ ಡೌನ್‌ಲೋಡ್ಸ್ ತೋರಿಸಿ. ಫಿಲ್ಟರ್ ಜಾಗದಲ್ಲಿ ಬರುವ ಬರೀ ನಕ್ಷತ್ರ ಎಲ್ಲ ಫೈಲನ್ನೂ ಹಿಡಿಯುತ್ತದೆ. ಅದನ್ನು ತೆಗೆದು ಪಿಡಿಎಫ್, ಜೆಪಿಜಿ, ಪಿಎನ್‌ಜಿ ಹೀಗೆ ಬೇಕಾದ ಬಗೆಗಳನ್ನು ಮಾತ್ರ, ಪ್ರತಿಯೊಂದರ ಮೊದಲಿಗೆ ನಕ್ಷತ್ರ ಮತ್ತು ಚುಕ್ಕಿ ಇಟ್ಟು, ನಡುವೆ ಅರ್ಧವಿರಾಮ (;) ಹಾಕಿ ಬರೆಯಿರಿ. ಒಳಫೋಲ್ಡರುಗಳನ್ನೂ ಸೇರಿಸುವ ಆಯ್ಕೆ ಆರಿಸಬೇಡಿ. ಅದು ಆನ್ ಇದ್ದು, ವಿಂಗಡಿಸಿದ ಫೋಲ್ಡರುಗಳೂ ಡೌನ್‌ಲೋಡ್ಸ್ ಒಳಗೇ ಇದ್ದರೆ ನಿನ್ನೆ ಜೋಡಿಸಿದ್ದನ್ನು ಇವತ್ತು ಮತ್ತೆ ಎತ್ತಿ ಜೋಡಿಸಲು ಹೊರಡುತ್ತದೆ. ವಿಂಗಡಿಸಿದ್ದಕ್ಕೆ ಡಿ ಡ್ರೈವಿನಲ್ಲೋ ಡಾಕ್ಯುಮೆಂಟ್ಸಿನಲ್ಲೋ ಬೇರೆ ಜಾಗ ಕೊಡುವುದು ಒಳ್ಳೆಯದು. ಆಮೇಲೆ ಪ್ರತಿ ಫೈಲಿಗೂ ಒಂದೊಂದು ಸಲ ಓಡುವ 'ಫಾರ್ ಈಚ್', ಅದರೊಳಗೆ ಫೈಲಿನ ಹೆಸರನ್ನು 'ಚೇಂಜ್ ಟೆಕ್ಸ್ಟ್ ಕೇಸ್' ಕ್ರಿಯೆಯಿಂದ ಸಣ್ಣಕ್ಷರಕ್ಕೆ ತರುವುದು, ಆಮೇಲೆ 'ಇಫ್' ಹಾಕಿ ಹೆಸರಿನಲ್ಲಿ ಇಂಥ ಪದ ಇದೆಯೇ ಎಂದು ನೋಡುವುದು, ಇದ್ದರೆ ಫೋಲ್ಡರ್ ಇದೆಯೇ ಎಂದು ನೋಡಿ ಇಲ್ಲದಿದ್ದರೆ ಮಾಡುವುದು, ಕೊನೆಗೆ 'ಮೂವ್ ಫೈಲ್ಸ್'. ಅದೇ ಹೆಸರಿನ ಫೈಲ್ ಆಗಲೇ ಅಲ್ಲಿದ್ದರೆ ಏನು ಮಾಡಬೇಕೆಂದು ಅದು ಕೇಳುತ್ತದೆ. 'ಡು ನಥಿಂಗ್' ಎಂಬುದನ್ನೇ ಉಳಿಸಿ, 'ಓವರ್‌ರೈಟ್' ಎಂದೂ ಆರಿಸಬೇಡಿ. ಓವರ್‌ರೈಟ್ ಆದ ಫೈಲ್ ರೀಸೈಕಲ್ ಬಿನ್ನಿನಲ್ಲಿ ಸಿಗುವುದಿಲ್ಲ.

ತಿಂಗಳ ಲೆಕ್ಕದಲ್ಲಿ ಫೋಲ್ಡರ್ ಮಾಡುವವರು ದಿನಾಂಕದ ನಮೂನೆ ಬರೆಯುವಾಗ ಎಚ್ಚರ. ಇಂಗ್ಲಿಷಿನ ಎಂ ಅಕ್ಷರ ಎರಡು ಸಲ ದೊಡ್ಡದಾಗಿ ಬರೆದರೆ ತಿಂಗಳು, ಸಣ್ಣದಾಗಿ ಬರೆದರೆ ನಿಮಿಷ. ಸಣ್ಣಕ್ಷರ ಹಾಕಿದ ಫ್ಲೋ 2025-37, 2025-52 ಎಂಬ ಫೋಲ್ಡರುಗಳನ್ನು ಹುಟ್ಟಿಸುತ್ತದೆ, ಕೆಲವೊಮ್ಮೆ ಅದೃಷ್ಟಕ್ಕೆ 2025-07 ಎಂದೇ ಬಂದು ಸರಿಯಾಗಿದೆ ಎನಿಸಿಬಿಡುತ್ತದೆ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರೆದರೆ ಫೋಲ್ಡರುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ತಿಂಗಳ ಹೆಸರು ಬರೆದರೆ ಅಕಾರಾದಿಯಲ್ಲಿ ಆಗಸ್ಟ್ ಮುಂದೆ, ಜನವರಿ ಅದರ ಹಿಂದೆ. ಪಂಚಾಯಿತಿ ಲೆಕ್ಕಕ್ಕೆ ಬೇಕಾದದ್ದು ಏಪ್ರಿಲ್ 1ರಿಂದ ಮಾರ್ಚ್ 31ರ ಆರ್ಥಿಕ ವರ್ಷ. ತಿಂಗಳ ಸಂಖ್ಯೆ 4 ಅಥವಾ ಹೆಚ್ಚಿದ್ದರೆ ಆ ವರ್ಷ, ಕಡಿಮೆಯಿದ್ದರೆ ಒಂದು ಕಳೆದ ವರ್ಷ ಎಂಬ ಒಂದು ಷರತ್ತು ಸಾಕು. 2026ರ ಫೆಬ್ರವರಿಯ ರಸೀದಿ ಆಗ 2025-26ಕ್ಕೆ ಸರಿಯಾಗಿ ಹೋಗುತ್ತದೆ.

ಪಟ್ಟಿ ನೋಡಿದ ಮೇಲೆ ಓಡಿಸಿ ಎಂದೆವು. ಫ್ಲೋದ ತಲೆಯಲ್ಲಿ ಒಂದು ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಇಟ್ಟು ಅದಕ್ಕೆ 1 ಕೊಡಿ. ಅದು 1 ಇರುವತನಕ ಫೈಲ್ ಕದಲಿಸದೆ, ಹಳೆಯ ಜಾಗ, ಹೊಸ ಜಾಗ ಎರಡನ್ನೂ ಒಂದು ಪಠ್ಯ ಫೈಲಿಗೆ ಸಾಲುಸಾಲಾಗಿ ಬರೆಯಲಿ. ಓದಿ ನೋಡಿ, ಸರಿಯಿದ್ದರೆ 0 ಮಾಡಿ ಓಡಿಸಿ. ಪವರ್‌ಶೆಲ್ಲಿನಲ್ಲಿ ಇದಕ್ಕೆ 'ವಾಟ್‌ಇಫ್' ಎಂಬ ಸ್ವಿಚ್, ಫೈಲ್ ನಕಲು ಮಾಡುವ ರೋಬೋಕಾಪಿಯಲ್ಲಿ 'ಎಲ್' ಸ್ವಿಚ್, ಆರ್ಗನೈಸಿನಲ್ಲಿ 'ಸಿಮ್' ಎಂಬ ಆದೇಶ ಇವೆ. ಗುಬ್ಬಿ ಕಂಪನಿಯ ಜಿಲ್ಲೆಯವರಿಗೆ ತಾಲೀಮಿನ ಬೆಲೆ ಹೇಳಿಕೊಡಬೇಕಾಗಿಲ್ಲ. ನಿಜವಾಗಿ ಓಡಿಸಿದಾಗಲೂ ಅದೇ ಪಟ್ಟಿ ಬರೆಯುತ್ತಾ ಹೋಗಲಿ, ವೇಳೆಯ ಸಮೇತ. ತಪ್ಪಾದರೆ ವಾಪಸ್ ತರಲು ಇರುವ ದಾರಿ ಅದೊಂದೇ, ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಹಿಂದಿರುಗಿ ಬರಬೇಕು. ಜಾಗಗಳ ನಡುವೆ ಅಲ್ಪವಿರಾಮ ಹಾಕಬೇಡಿ, ಫೈಲ್ ಹೆಸರಿನಲ್ಲೇ ಅಲ್ಪವಿರಾಮ ಇರಬಹುದು. ಟ್ಯಾಬ್ ಹಾಕಿ, ವಿಂಡೋಸ್ ಫೈಲ್ ಹೆಸರಿನಲ್ಲಿ ಅದು ಬರುವಂತಿಲ್ಲ.

ಕಮಾಂಡ್ ಕಿಟಕಿಯ ಆದೇಶಗಳನ್ನು ಸಾಲಾಗಿ ಸೇರಿಸಿದ ಬ್ಯಾಚ್ ಫೈಲ್ ಬರೆದು ಹಂಚಿಕೊಳ್ಳುವವರು ನಮ್ಮಲ್ಲಿ ಬಹಳ. ಅದರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕೈಕೊಡುವ ಜಾಗ ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇವೆ. ಪಹಣಿ ಎಂಬ ಫೋಲ್ಡರಿಗೆ ಕಳಿಸು ಎಂದು ಮೂವ್ ಆದೇಶ ಕೊಟ್ಟಿದ್ದೀರಿ, ಆ ಫೋಲ್ಡರ್ ಇಲ್ಲ. ಕಂಪ್ಯೂಟರ್ ಪಹಣಿ ಎಂಬುದನ್ನು ಫೈಲಿನ ಹೊಸ ಹೆಸರೆಂದು ತಿಳಿಯುತ್ತದೆ. ಮೊದಲ ಪಹಣಿಯ ಹೆಸರು ಬದಲಾಗಿ, ಬಾಲದ ಪಿಡಿಎಫ್ ಕೂಡ ಹೋಗಿ, ಪಹಣಿ ಎಂಬ ಒಂದು ಫೈಲ್ ಆಗುತ್ತದೆ. ಲೂಪಿನಲ್ಲಿ ಎರಡನೆಯದು ಬರುತ್ತದೆ, ಅದಕ್ಕೂ ಅದೇ ಹೆಸರು. ಕಮಾಂಡ್ ಕಿಟಕಿಯಲ್ಲಿ ಕೈಯಾರೆ ಟೈಪ್ ಮಾಡಿದ್ದರೆ ಮೇಲೆ ಬರೆಯಲೇ ಎಂದು ಕೇಳುತ್ತಿತ್ತು, ಬ್ಯಾಚ್ ಫೈಲಿನೊಳಗೆ ಮೂವ್ ಕೇಳುವುದಿಲ್ಲ. ನಲವತ್ತು ಪಹಣಿ ಇದ್ದಲ್ಲಿ ಕೊನೆಯದೊಂದು ಉಳಿಯುತ್ತದೆ. ಪವರ್‌ಶೆಲ್ಲಿನಲ್ಲೂ ಮೊದಲ ಫೈಲಿಗೆ ಇದೇ ಗತಿ, ಆದರೆ ಎರಡನೆಯದಕ್ಕೆ ಆ ಹೆಸರು ಆಗಲೇ ಇದೆ ಎಂದು ಕೆಂಪಕ್ಷರದಲ್ಲಿ ನಿಲ್ಲುತ್ತದೆ. 'ಫೋರ್ಸ್' ಸೇರಿಸಿದ್ದರೆ ನಿಲ್ಲುವುದಿಲ್ಲ. ಪರಿಹಾರ ಸುಲಭ: ಪ್ರತಿ ಸಲ ಮೊದಲು ಫೋಲ್ಡರ್ ಇದೆಯೇ ಎಂದು ನೋಡಿ ಇಲ್ಲದಿದ್ದರೆ ಮಾಡುವ ಸಾಲು, ಮತ್ತು ಫೋಲ್ಡರ್ ಹೆಸರಿನ ಕೊನೆಗೆ ಹಿಂದಕ್ಕೆ ವಾಲಿದ ಗೆರೆ. ಗೆರೆ ಇದ್ದರೆ ಅದು ಫೋಲ್ಡರೇ ಎಂದು ಕಂಪ್ಯೂಟರಿಗೆ ಗೊತ್ತಾಗಿ, ಇಲ್ಲದಾಗ ತಪ್ಪು ತೋರಿಸಿ ನಿಲ್ಲುತ್ತದೆ.

ಪದ ಹುಡುಕುವ ರೂಲುಗಳು ಸುಲಭವೆಂದು ಕಾಣುತ್ತವೆ, ಮೋಸ ಹೋಗುವುದೂ ಅಲ್ಲೇ. ಪಹಣಿಗೆ ಇಂಗ್ಲಿಷಿನಲ್ಲಿ ಆರ್‌ಟಿಸಿ ಎನ್ನುವುದರಿಂದ ಹೆಸರಿನಲ್ಲಿ ಅದು ಇದ್ದರೆ ಪಹಣಿ ಫೋಲ್ಡರಿಗೆ ಎಂದು ಬರೆದರೆ ಕೆಎಸ್‌ಆರ್‌ಟಿಸಿ ಬಸ್ ಟಿಕೆಟ್ಟೂ ಅಲ್ಲಿಗೇ ಹೋಗುತ್ತದೆ. ಇಸಿ ಎಂದು ಬರೆದರೆ ರಿಸೀಟ್ ಎಂಬ ಇಂಗ್ಲಿಷ್ ಪದದ ಒಳಗೂ ಡಿಸೆಂಬರಿನ ಮೊದಲ ಮೂರು ಅಕ್ಷರದಲ್ಲೂ ಅವೇ ಎರಡು ಅಕ್ಷರ ಜೊತೆಯಾಗಿವೆ. ಸಿರಾ ತಾಲ್ಲೂಕಿಗೆಂದು ಬರೆದ ರೂಲ್ ಸಿರಾಜ್ ಎಂಬುವರ ಕಾಗದವನ್ನೆಲ್ಲ ಸಿರಾಕ್ಕೆ ಕಳಿಸುತ್ತದೆ. ಆದ್ದರಿಂದ ಹೆಸರಿಡುವಾಗಲೇ ತುಂಡುಗಳ ನಡುವೆ ಅಡಿಗೆರೆ ಹಾಕುವ ರೂಢಿ ಮಾಡಿಕೊಂಡು, ರೂಲಿನಲ್ಲಿ ಅಡಿಗೆರೆ ಸಮೇತ ಹುಡುಕಬೇಕು. ಹಾಗೆಯೇ ಬಾಲಗಳ ವಿಚಾರ. ಹಳೆಯ ಡಾಸ್ ಕಾಲದ ಎಂಟು-ಮೂರು ಅಕ್ಷರದ ಕಿರುಹೆಸರನ್ನು ವಿಂಡೋಸ್ ಇನ್ನೂ ಹಲವು ಡ್ರೈವುಗಳಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವುದರಿಂದ, ಬ್ಯಾಚ್ ಫೈಲಿನಲ್ಲಿ 'ಡಾಕ್' ಫೈಲುಗಳನ್ನು ಹುಡುಕಿದರೆ 'ಡಾಕ್ಸ್' ಕೂಡ ಸಿಗುತ್ತವೆ.

ನಮ್ಮ ಊರುಗಳ ಹೆಸರಿನ ಇಂಗ್ಲಿಷ್ ಬರವಣಿಗೆ ಬೇರೆಯೇ ಕಥೆ. 2014ರ ನವೆಂಬರ್ 1ರಂದು ತುಮಕೂರಿನ ಅಧಿಕೃತ ಇಂಗ್ಲಿಷ್ ರೂಪ ಬದಲಾಯಿತು, ನಡುವೆ ಒಂದು ಎ, ಕೊನೆಗೆ ಒಂದು ಯು ಸೇರಿಕೊಂಡವು. ಹಳೆಯ ಫೈಲುಗಳಲ್ಲಿ ಹಳೆಯದು, ಹೊಸದರಲ್ಲಿ ಎರಡೂ. ಸಿರಾದಲ್ಲಿ ಎಚ್ ಬರುತ್ತದೆ ಅಥವಾ ಬರುವುದಿಲ್ಲ. ಚಿಕ್ಕಬಳ್ಳಾಪುರವನ್ನು ಒಬ್ಬರು ಎರಡು ಕೆ ಹಾಕಿ, ಒಬ್ಬರು ಒಂದೇ ಕೆ, ಇನ್ನೊಬ್ಬರು ಸಿ-ಕೆ ಹಾಕಿ ಬರೆಯುತ್ತಾರೆ. ರೂಲಿನಲ್ಲಿ ಎಲ್ಲ ರೂಪಗಳನ್ನೂ 'ಅಥವಾ' ಕೊಟ್ಟು ಬರೆಯದಿದ್ದರೆ ಅರ್ಧ ಫೈಲು ಹಾಗೇ ಉಳಿಯುತ್ತದೆ. ಜಿಲ್ಲೆಯ ಹೆಸರಿನಲ್ಲಿ ಮೇಲಿನ ಫೋಲ್ಡರ್ ಮಾಡುವುದಕ್ಕಿಂತ ತಾಲ್ಲೂಕಿನ ಹೆಸರೇ ಗಟ್ಟಿ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ಚಿಂತಾಮಣಿ, ಶಿಡ್ಲಘಟ್ಟದ ದಾಖಲೆಯ ತಲೆಯಲ್ಲಿ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ಜಿಲ್ಲೆ ಹಿಡಿದು ಹೋದ ರೂಲ್ ಒಂದೇ ಸರ್ವೆ ನಂಬರಿನ ಹಳೆಯ ಕಾಗದವನ್ನೂ ಹೊಸ ಕಾಗದವನ್ನೂ ಎರಡು ಕಡೆ ಹಂಚಿಬಿಡುತ್ತದೆ.

ಕನ್ನಡದಲ್ಲೇ ಫೈಲಿನ ಹೆಸರಿಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ, ಈಗಿನ ವಿಂಡೋಸಿಗೆ ಅದರಿಂದ ತೊಂದರೆಯಿಲ್ಲ. ಆದರೆ ಕಣ್ಣಿಗೆ ಒಂದೇ ಕಾಣುವ ಹೆಸರು ಕಂಪ್ಯೂಟರಿಗೆ ಎರಡಾಗುವ ಸಂದರ್ಭಗಳನ್ನು ತಿಳಿದಿರಬೇಕು. ಆಧಾರ್, ಕುಮಾರ್ ಹೀಗೆ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಟೈಪಿಂಗ್ ವಿಧಾನಗಳಲ್ಲಿ ಕಾಣದ ಒಂದು ಚಿಹ್ನೆ ಸೇರಿಕೊಳ್ಳುತ್ತದೆ, ಯೂನಿಕೋಡಿನಲ್ಲಿ ಅದಕ್ಕೆ ಅಗಲವಿಲ್ಲದ ಬೇರ್ಪಡಿಕೆಯ ಗುರುತು ಎಂದು ಸ್ಥಾನ ಕೊಟ್ಟಿದ್ದಾರೆ. ಅದಿರುವ ಆಧಾರ್ ಬೇರೆ, ಇಲ್ಲದ ಆಧಾರ್ ಬೇರೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ ಸಂಖ್ಯೆ, ಸಂಘ ಎಂದು ಬರೆಯುವವರೂ ಉಂಟು, ತೆರೆಯ ಮೇಲೆ ವ್ಯತ್ಯಾಸ ಕಾಣುವುದೇ ಇಲ್ಲ. ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತ ಸೇರಿಸಿಯೂ ಬರೆಯಲು ಯೂನಿಕೋಡ್ ಬಿಡುತ್ತದೆ. ಹೋಲಿಸುವ ಮುಂಚೆ ಹೆಸರಿನಿಂದ ಕಾಣದ ಚಿಹ್ನೆಗಳನ್ನು ತೆಗೆದು, ಪದದೊಳಗಿನ ಕನ್ನಡ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿ, 'ನಾರ್ಮಲೈಸ್' ಮಾಡಿ ಒಂದೇ ರೂಪಕ್ಕೆ ತರುವ ಮೂರು ಸಾಲು ಪವರ್‌ಶೆಲ್ಲಿನಲ್ಲಿ ಬರೆದಿಟ್ಟರೆ ಈ ಕಾಟ ಮುಗಿಯುತ್ತದೆ. ಅದೇ ಸ್ಕ್ರಿಪ್ಟಿನೊಳಗೆ ಕನ್ನಡ ಪದ ಇದ್ದರೆ ಅದನ್ನು 'ಯುಟಿಎಫ್-8 ವಿತ್ ಬಿಒಎಂ' ಆಗಿ ಉಳಿಸಬೇಕು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಆವೃತ್ತಿ ತಲೆಯಲ್ಲಿ ಬಿಒಎಂ ಎಂಬ ಗುರುತಿಲ್ಲದ ಫೈಲನ್ನು ಹಳೆಯ ಸಂಕೇತವೆಂದು ಓದಿ ಪಹಣಿಯನ್ನು ಅರ್ಥವಿಲ್ಲದ ಅಕ್ಷರ ಮಾಡುತ್ತದೆ, ಆಮೇಲೆ ಒಂದು ಫೈಲೂ ಹೊಂದುವುದಿಲ್ಲ. ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕುವ ಪದದ ನಮೂನೆ) ಬರೆಯುವವರಿಗೆ ಅಂಕಿಗೆ ಇರುವ ಕಿರುಗುರುತು ಕನ್ನಡ ಅಂಕಿಗಳನ್ನೂ ಹಿಡಿಯುತ್ತದೆ ಎಂಬುದು ನೆನಪಿರಲಿ. ಇಂಗ್ಲಿಷ್ ಅಂಕಿ ಮಾತ್ರ ಬೇಕಾದರೆ ಸೊನ್ನೆಯಿಂದ ಒಂಬತ್ತು ಎಂದು ಆವರಣದಲ್ಲಿ ಬಿಡಿಸಿ ಬರೆಯಬೇಕು.

ಉದ್ದದ ಮಿತಿಯೂ ಇದೆ. ಫೋಲ್ಡರುಗಳ ದಾರಿ ಸೇರಿ ಒಟ್ಟು 260 ಅಕ್ಷರ ಮೀರಿದರೆ ಹಲವು ವಿಂಡೋಸ್ ಪ್ರೋಗ್ರಾಂಗಳು ಫೈಲನ್ನು ತೆರೆಯಲಾರವು. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 85 ಸಂಕೇತ, ಕಾಗುಣಿತ ಒತ್ತು ಬಿಡಿಯಾಗಿ ಎಣಿಕೆಯಾಗುವುದರಿಂದ ಕಣ್ಣಿಗೆ ಕಾಣುವ ಅಕ್ಷರ ನಲವತ್ತೈವತ್ತಕ್ಕೆ ನಿಲ್ಲುತ್ತದೆ.

ಫೈಲಿನ ಒಳಗಿನ ಪದ ನೋಡಿ ವಿಂಗಡಿಸುವ ಆಸೆ ಹಲವರಿಗಿದೆ. ಅದು ಎಲ್ಲಿ ಸೋಲುತ್ತದೆ ಎಂದು ತಿಳಿದು ಹೊರಡಬೇಕು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬರೆದ ವರ್ಡ್ ಫೈಲ್ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡಿನಲ್ಲಿ ಟೈಪ್ ಮಾಡಿದ 'ನಡಾವಳಿ' ಅದರಲ್ಲಿ ಸಿಗುವುದೇ ಇಲ್ಲ. ಪಂಚಾಯಿತಿಗಳ ಹಳೆಯ ಸಭಾ ನಡಾವಳಿಗಳಲ್ಲಿ ಇಂಥವು ಹೇರಳ, ಅವನ್ನು ಹೆಸರು ಮತ್ತು ದಿನಾಂಕದಿಂದಲೇ ಜೋಡಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಓದಲು ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ಬೇಕು. ಉಚಿತವಾದ ಟೆಸರಾಕ್ಟ್ ಕನ್ನಡ ಓದುತ್ತದೆ, ಆದರೆ ನೂರು ಪುಟ ಓದಿಸಲು ಹಳೆಯ ಯಂತ್ರ ಹೆಣಗುತ್ತದೆ. ಜಾಲತಾಣದಿಂದ ಇಳಿಸಿದ ಇ-ಆಧಾರ್‌ಗೆ ಪಾಸ್‌ವರ್ಡ್ ಇರುವುದರಿಂದ ಒಳಗಿನ ಪದ ಯಾವ ರೂಲಿಗೂ ಕಾಣುವುದಿಲ್ಲ.

ಅದಕ್ಕಿಂತ ಒಳ್ಳೆಯ ಗುರುತು ಒಂದಿದೆ, ಬಳಸುವವರು ಕಡಿಮೆ. ಬ್ರೌಸರಿನಿಂದ ಇಳಿಸಿದ ಫೈಲಿನ ಬೆನ್ನಿಗೆ ವಿಂಡೋಸ್ 'ಜೋನ್ ಐಡೆಂಟಿಫೈಯರ್' ಎಂಬ ಚೀಟಿ ಅಂಟಿಸಿರುತ್ತದೆ, ಎಷ್ಟೋ ಸಲ ಯಾವ ಜಾಲತಾಣದಿಂದ ಬಂತು ಎಂಬ ವಿಳಾಸ ಅದರಲ್ಲೇ ಇರುತ್ತದೆ. ಪವರ್‌ಶೆಲ್ಲಿನಲ್ಲಿ 'ಗೆಟ್-ಕಂಟೆಂಟ್' ಆದೇಶಕ್ಕೆ 'ಸ್ಟ್ರೀಮ್' ಸೇರಿಸಿದರೆ ಓದಬಹುದು. ಆಸ್ತಿ ನೋಂದಣಿಯ ಕಾವೇರಿ ತಾಣದ್ದು ಒಂದು ಕಡೆ, ನಾಡಕಚೇರಿ ತಾಣದ್ದು ಒಂದು ಕಡೆ, ಪಹಣಿಯ 'ಭೂಮಿ' ತಾಣದ್ದು ಮತ್ತೊಂದು ಕಡೆ ಎಂದು ಫೈಲಿನ ಹೆಸರು ಏನಿದ್ದರೂ ವಿಂಗಡಿಸಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಇಳಿಸಿದರೆ ವಿಳಾಸ ಸಿಗದು. ಪೆನ್‌ಡ್ರೈವಿಗೆ ಹಾಕಿದರೆ ಚೀಟಿ ಉದುರಿಹೋಗುತ್ತದೆ, ಅಲ್ಲಿ ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಅದಕ್ಕೆ ಜಾಗವಿಲ್ಲ. ವಾಟ್ಸಾಪ್ ಚಿತ್ರಗಳಿಗೆ ಇದು ಬೇಕಿಲ್ಲ, ಆಂಡ್ರಾಯ್ಡ್ ಫೋನಿನಿಂದ ತಂದದ್ದಾಗಲಿ ಕಂಪ್ಯೂಟರಿನಲ್ಲಿ ಉಳಿಸಿದ್ದಾಗಲಿ ಅವುಗಳ ಹೆಸರಿನಲ್ಲೇ ವರ್ಷ-ತಿಂಗಳು-ದಿನ ಬರುತ್ತದೆ. ಚಿತ್ರದೊಳಗಿನ ತೆಗೆದ ದಿನಾಂಕವನ್ನು ವಾಟ್ಸಾಪ್ ಅಳಿಸಿ ಕಳಿಸುವುದರಿಂದ ಹೆಸರನ್ನೇ ನೆಚ್ಚಬೇಕು.

'30 ದಿನಕ್ಕಿಂತ ಹಳೆಯದನ್ನು ಹಳೆಯ ಕಡತಕ್ಕೆ ಹಾಕು' ಎಂಬ ರೂಲ್ ಬರೆಯುವ ಮುನ್ನ ಯಾವ ದಿನಾಂಕ ಎಂದು ಕೇಳಿಕೊಳ್ಳಿ. ಬದಲಾದ ದಿನಾಂಕ ಎಂದರೆ, ಜಿಪ್ ಬಿಚ್ಚಿದಾಗ ಒಳಗಿನ ಫೈಲ್ ತನ್ನ ಮೂಲ ದಿನಾಂಕವನ್ನೇ ಹೊತ್ತು ಬರುತ್ತದೆ. ಇವತ್ತು ಬಂದ ಕಾಗದ ಮೂರು ವರ್ಷ ಹಳೆಯದೆಂದು ಕ್ಷಣದಲ್ಲಿ ಮಾಯವಾಗುತ್ತದೆ. ಸೃಷ್ಟಿಯಾದ ದಿನಾಂಕ ಎಂದರೆ, ಒಂದು ಡ್ರೈವಿನಿಂದ ಇನ್ನೊಂದಕ್ಕೆ ನಕಲು ಮಾಡಿದ ದಿನವೇ ಹುಟ್ಟಿದ ದಿನವಾಗುತ್ತದೆ, ಹತ್ತು ವರ್ಷದ ದಾಖಲೆಯೂ ಇವತ್ತಿನದೆನಿಸುತ್ತದೆ. ಒಂದು ಫೈಲ್ ಅಳಿಸಿ 15 ಸೆಕೆಂಡಿನೊಳಗೆ ಅದೇ ಹೆಸರಿನಲ್ಲಿ ಮತ್ತೊಂದನ್ನು ಉಳಿಸಿದರೆ ವಿಂಡೋಸ್ ಹಳೆಯದರ ಹುಟ್ಟಿದ ದಿನಾಂಕವನ್ನೇ ಹೊಸದಕ್ಕೆ ಕೊಡುತ್ತದೆ. ಡೌನ್‌ಲೋಡ್ಸ್ ಫೋಲ್ಡರಿಗೆ ಎರಡು ದಿನಾಂಕಗಳಲ್ಲಿ ಯಾವುದು ಈಚಿನದೋ ಅದನ್ನು ಹಿಡಿಯುವುದು ಸುರಕ್ಷಿತ.

ಒಂದೇ ಡ್ರೈವಿನೊಳಗೆ ಜಾಗ ಬದಲಿಸುವುದು ಕ್ಷಣದ ಕೆಲಸ, ಫೈಲ್ ಕದಲುವುದೇ ಇಲ್ಲ, ಅದರ ವಿಳಾಸ ಮಾತ್ರ ತಿದ್ದಲಾಗುತ್ತದೆ. ಬೇರೆ ಡ್ರೈವಿಗಾದರೆ ಮೊದಲು ನಕಲು, ಆಮೇಲೆ ಮೂಲ ಅಳಿಸುವುದು. ನಡುವೆ ಕರೆಂಟು ಹೋದರೆ ಅಲ್ಲಿ ಅರ್ಧ ನಕಲು, ಇಲ್ಲಿ ಮೂಲ. ಮರುದಿನ ರೂಲ್ ಓಡಿದಾಗ ಅದೇ ಹೆಸರಿನದು ಆಗಲೇ ಇದೆ ಎಂದು ಬಿಟ್ಟು ಮುಂದೆ ಹೋಗುತ್ತದೆ. ಯುಪಿಎಸ್ ಇಲ್ಲದ ಕಡೆ ಎರಡೂ ಕಡೆಯ ಗಾತ್ರ ಹೋಲಿಸುವ ಒಂದು ಷರತ್ತು ಸೇರಿಸಲೇಬೇಕು. ಒನ್‌ಡ್ರೈವ್ ಬಳಸುವವರಿಗೆ ಇನ್ನೊಂದು: ಅದರ ಬ್ಯಾಕಪ್ ಆನ್ ಮಾಡಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡರ ನಿಜವಾದ ಜಾಗ ಒನ್‌ಡ್ರೈವ್ ಫೋಲ್ಡರಿನ ಒಳಗಿರುತ್ತದೆ. ಹಳೆಯ ದಾರಿ ಬರೆದ ರೂಲ್ ಖಾಲಿ ಫೋಲ್ಡರ್ ನೋಡಿ ಕೆಲಸವಿಲ್ಲ ಎನ್ನುತ್ತದೆ. ಮೋಡದ ಗುರುತಿರುವ ಫೈಲ್ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಹೊರಗೆ ಸರಿಸಿದರೆ ಮೊದಲು ಇಳಿಯಬೇಕು.

ಮುಟ್ಟಲೇಬಾರದ ಫೋಲ್ಡರುಗಳ ಪಟ್ಟಿಯನ್ನು ರೂಲಿನ ಮೊದಲ ಸಾಲಿನಲ್ಲೇ ಬರೆಯಿರಿ. ಟ್ಯಾಲಿಯ ಡೇಟಾ ಫೋಲ್ಡರ್, ಅದರ ಹೆಸರು ಬರೀ ಅಂಕಿ, ಕಸವೆಂದು ಕಾಣುತ್ತದೆ. ಮುದ್ರಣಾಲಯಗಳಲ್ಲಿ ಪೇಜ್‌ಮೇಕರ್, ಇನ್‌ಡಿಸೈನ್ ಕೆಲಸದ ಫೋಲ್ಡರ್, ಚಿತ್ರ ಕದಲಿದರೆ ಪುಟದ ಕೊಂಡಿ ಕಳಚುತ್ತದೆ. ಒಂದಕ್ಕೊಂದು ಕೊಂಡಿಯಿರುವ ಎಕ್ಸೆಲ್ ಫೈಲುಗಳಿಗೂ ಅದೇ.

ಅಳಿಸುವ ಕೆಲಸವನ್ನು ರೂಲಿಗೆ ಒಪ್ಪಿಸಬೇಡಿ. ಬ್ಯಾಚ್ ಫೈಲ್ ಮತ್ತು ಪವರ್‌ಶೆಲ್ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ. 'ಅಳಿಸಲು' ಎಂಬ ಫೋಲ್ಡರಿಗೆ ಸರಿಸುವವರೆಗೆ ರೂಲಿನ ಕೆಲಸ, 15 ದಿನ ಬಿಟ್ಟು ನೋಡಿ ಕೈಯಾರೆ ಅಳಿಸುವುದು ಮನುಷ್ಯರ ಕೆಲಸ. ಸೆಟ್ಟಿಂಗ್ಸಿನ 'ಸ್ಟೋರೇಜ್ ಸೆನ್ಸ್' ಒಳಗೆ ಡೌನ್‌ಲೋಡ್ಸ್ ಅಳಿಸುವ ಆಯ್ಕೆ 'ನೆವರ್' ಎಂದೇ ಇದೆಯೇ ಎಂದೂ ಒಮ್ಮೆ ನೋಡಿ. ಯಾರೋ ಅದನ್ನು 14 ದಿನಕ್ಕೆ ಇಟ್ಟಿದ್ದರೆ ಗ್ರಾಹಕರ ಕಾಗದ ನಿಮಗೆ ಗೊತ್ತಿಲ್ಲದೆ ಹೋಗುತ್ತಿರುತ್ತದೆ.

ಆದರೆ ಅಳಿಸದೆ ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ಸರಿಯಲ್ಲ. ಬೇರೆಯವರ ಆಧಾರ್, ಪಾಸ್‌ಬುಕ್ಕು ಅಂಗಡಿಯ ಕಂಪ್ಯೂಟರಿನಲ್ಲಿ ಬಿದ್ದಿರುವುದು ನಮಗೆ ನಿಜಕ್ಕೂ ಆತಂಕದ ವಿಷಯ. ಕೆಲಸ ಮುಗಿದ ಮೇಲೆ ವೈಯಕ್ತಿಕ ಮಾಹಿತಿ ಅಳಿಸಬೇಕೆಂಬ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿದೆ. ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬಂದ ಮೇಲೆ ಗುರುತಿನ ಚೀಟಿಗಳನ್ನೆಲ್ಲ ಒಂದೇ ಒತ್ತಿಗೆ 'ಅಳಿಸಲು' ಫೋಲ್ಡರಿಗೆ ಕಳಿಸುವ ರೂಲ್, ಅಂಗಡಿಯವರು ಮೊದಲು ಬರೆಯಬೇಕಾದ ರೂಲ್. ಸ್ಕ್ರಿಪ್ಟಿನ ಶಾರ್ಟ್‌ಕಟ್ಟನ್ನು 'ಸೆಂಡ್ ಟು' ಫೋಲ್ಡರಿಗೆ ಹಾಕಿದರೆ ಫೈಲುಗಳನ್ನು ಆರಿಸಿ ಬಲಗಡೆ ಒತ್ತಿ ಕಳಿಸಬಹುದು. ವಿಂಡೋಸ್ 11ರಲ್ಲಿ ಅದು 'ಶೋ ಮೋರ್ ಆಪ್ಷನ್ಸ್' ಒಳಗಿದೆ. ಒಂದು ಆದೇಶದ ಸಾಲಿಗೆ 8191 ಅಕ್ಷರದ ಮಿತಿ ಇರುವುದರಿಂದ ಒಂದು ಸಲಕ್ಕೆ ಐವತ್ತು ಅರವತ್ತು ಫೈಲಿಗಿಂತ ಹೆಚ್ಚು ಆರಿಸಬೇಡಿ.

ಪತ್ರಿಕೆಯ ಮೂಲಕ ನಮ್ಮ ಕೋರಿಕೆ ಇಷ್ಟು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಪಂಚಾಯಿತಿ ಡೇಟಾ ಎಂಟ್ರಿ ಆಪರೇಟರುಗಳಿಗೆ, ಗ್ರಾಮ ಒನ್ ಕೇಂದ್ರದವರಿಗೆ, ಶಾಲಾ ಗುಮಾಸ್ತರಿಗೆ ತರಬೇತಿ ಕೊಡುವವರು ಪೋರ್ಟಲ್ ತುಂಬುವುದನ್ನು ಕಲಿಸುವ ಜೊತೆಗೆ ಅರ್ಧ ದಿನ ಇದಕ್ಕೆ ಇಡಲಿ. ಕಲಿಯುವವರ ಮುಂದೆ ನಿಜವಾದ ಡೌನ್‌ಲೋಡ್ಸ್ ಇಡುವುದು ಬೇಡ. ಇಪ್ಪತ್ತು ಖಾಲಿ ಫೈಲುಗಳ ಒಂದು ಫೋಲ್ಡರ್ ಸಾಕು. ಅವುಗಳಲ್ಲಿ ಎರಡಕ್ಕೆ ಒಂದೇ ಹೆಸರು, ಬಾಲ ಮಾತ್ರ ಬೇರೆ. ಒಂದರಲ್ಲಿ ಕಾಣದ ಚಿಹ್ನೆ, ಒಂದು ಬಸ್ ಟಿಕೆಟ್, ಒಂದು ಸಿರಾಜ್, ಒಂದು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟ ಎಕ್ಸೆಲ್. ಈ ಇಪ್ಪತ್ತನ್ನೂ ಸರಿಯಾಗಿ ದಾಟಿಸಿದ ರೂಲನ್ನು ಮಾತ್ರ ಕಚೇರಿಯ ಕಂಪ್ಯೂಟರಿಗೆ ಹಾಕಲಿ.

ಇಂತಿ,
ಕಂಪ್ಯೂಟರ್ ಬೋಧಕರು,
ತುಮಕೂರು